ಅಕ್ಕುತಾಯಿ ಕೇಳಿ ಹೇಳಿದ ಮೋಡೆಮ್

ತವನಪ್ಪ ತೀರಿಕೊಂಡು ನಲವತ್ತು ದಿನವಾಯಿತು. ಬೋರಗಾಂವದಲ್ಲಿ ಅವನನ್ನು ನೆನೆಯುವವರು ಮೊದಲು ಅವನ ಕಿವಿಯನ್ನು ನೆನೆಯುತ್ತಾರೆ. ಇಪ್ಪತ್ತು ವರ್ಷ ಅವನು ಪವರ್‌ಲೂಮ್ ಶೆಡ್ಡುಗಳಲ್ಲಿ ಮಗ್ಗ ರಿಪೇರಿ ಮಾಡುವ ಜಾಬರ್ ಆಗಿದ್ದ. ನಲವತ್ತು ಮಗ್ಗ ಒಟ್ಟಿಗೆ ಬಡಿಯುತ್ತಿದ್ದರೂ ಬಾಗಿಲಲ್ಲೇ ನಿಂತು ಕೆಟ್ಟ ಮಗ್ಗ ಯಾವುದೆಂದು ಹೇಳುತ್ತಿದ್ದ. ಊರಿನ ನಾಲ್ಕಾರು ಮನೆಗೆ ಕಂಪ್ಯೂಟರು ಬಂದಾಗ ಅವುಗಳ ರಿಪೇರಿಯನ್ನೂ ಕಲಿತ. ಆಗ ಇಂಟರ್ನೆಟ್ಟು ಫೋನಿನ ತಂತಿಯಲ್ಲೇ ಬರಬೇಕಿತ್ತು. ಮೋಡೆಮ್ ಎಂಬ ಪುಟ್ಟ ಡಬ್ಬಿ ನಂಬರು ಹಚ್ಚಿ, ಸಿಳ್ಳೆ ಹೊಡೆದು, ಉಸ್ಸೆಂದು ಸದ್ದು ಮಾಡಿ ಅತ್ತ ತುದಿಯ ಮೋಡೆಮ್ಮಿನ ಜೊತೆ ಕೂಡಿಕೊಳ್ಳುತ್ತಿತ್ತು. ಸದ್ದು ಎಲ್ಲಿ ತಡವರಿಸಿತು ಎಂಬುದರ ಮೇಲೆಯೇ ತವನಪ್ಪ ದೋಷ ಹೇಳುತ್ತಿದ್ದ.

ಆದರೆ ಮಗ್ಗದ ಸದ್ದು ಅವನ ಬಲಗಿವಿಯನ್ನು ಎಂದೋ ತಿಂದುಹಾಕಿತ್ತು. ಎಡಗಿವಿಯೂ ಮಂದವಾಗುತ್ತಿತ್ತು. ಶೆಡ್ಡಿನ ಗದ್ದಲದಲ್ಲಿ ಎಲ್ಲರೂ ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಆ ರೂಢಿಯಿಂದ ಅವನು ಸಂಗತಿಯನ್ನು ಮುಚ್ಚಿಟ್ಟಿದ್ದ. ಕಿವುಡ ಎಂದು ಗೊತ್ತಾದರೆ ಯಾರು ಕರೆಯುತ್ತಾರೆ?

೨೦೦೩ರ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ದೀಪಾಲಿ ಕರೆಸಿದಳು. ಅವಳು ಹಿತ್ತಲಲ್ಲೇ ಮಗ್ಗ ಹಾಕಿಕೊಂಡಿದ್ದ ಸಂಭಾಜಿಯ ಸೊಸೆ, ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದಳು.

"ಕಾಕಾ, ಇಪ್ಪತ್ತ ಸರ್ತಿ ಹಚ್ಚೀನ್ರಿ, ಕೂಡವಲ್ದು. ಹನ್ನೆರಡಕ್ಕ ಹತ್ತನೇತ್ತೆ ರಿಜಲ್ಟ್ ಬಿಡ್ತಾರ. ಹೊರಗ ಹುಡುಗ್ಯಾರು ನನ್ನ ತಿನ್ನಾಕ ನಿಂತಾರ!"

ತವನಪ್ಪ ವೈರು ಬದಲಿಸಿದ. ಅಡುಗೆಮನೆಯ ಎರಡನೇ ಫೋನು ತೆಗೆಸಿದ. ಕೊನೆಗೆ ರಿಸೀವರ್ ಎತ್ತಿ ಎಡಗಿವಿಗೆ ಹಿಡಿದ. ಏನೂ ಇಲ್ಲ.

"ಲೈನ್ ಸತ್ತೈತಿ ಬಿಡವಾ."

ದೀಪಾಲಿ ರಿಸೀವರ್ ತೆಗೆದುಕೊಂಡು ಕೇಳಿ ಅವನತ್ತ ನೋಡಿದಳು. "ಟೋನ್ ಇಷ್ಟ ಜೋರ್ ಬರಾಕತ್ತೈತಲ್ರಿ ಕಾಕಾ?"

ಅವಳ ತುಟಿ ನೋಡಿ ಅವನಿಗೆ ತಿಳಿಯಿತು: ಸತ್ತದ್ದು ಲೈನಲ್ಲ, ತನ್ನ ಎಡಗಿವಿ. "ಪಕ್ಕಡ ಮರ್ತ ಬಂದೀನಿ" ಎಂದು ಇಕ್ಕಳದ ನೆಪ ಹೇಳಿ ಮನೆಗೆ ನಡೆದ. ಹೆಂಡತಿ ಅಕ್ಕುತಾಯಿ ರಾಟೆಯಲ್ಲಿ ನೂಲು ಸುತ್ತುತ್ತಿದ್ದಳು. ಅವನು ಹೊಸ್ತಿಲಲ್ಲೇ ನಿಂತು, "ನಂಗ ಫೋನ್ ಕೇಳವಲ್ದು" ಎಂದ. ಅವಳು ರಾಟೆ ನಿಲ್ಲಿಸಿ ಸೆರಗು ಸರಿಮಾಡಿಕೊಂಡಳು. "ನಡೀರಿ, ನಾ ಕೇಳಿ ಹೇಳ್ತೀನಿ."

ದೀಪಾಲಿ ಮತ್ತೆ ಹಚ್ಚಿದಳು. ಅಕ್ಕುತಾಯಿ ಮೋಡೆಮ್ಮಿನ ಪಕ್ಕ ಕುಳಿತು, ಗಂಡನಿಗೆ ಬುತ್ತಿ ಒಯ್ಯುತ್ತಿದ್ದ ದಿನಗಳಲ್ಲಿ ಶೆಡ್ಡಿನಲ್ಲಿ ಮಾಡುತ್ತಿದ್ದಂತೆ, ದನಿಯಿಲ್ಲದೆ ಬರೀ ತುಟಿ ಆಡಿಸಿದಳು. ನಂಬರ್ ಹೋತು. ಸಿಳ್ಳಿ ಬಂತು. ಸಿಳ್ಳಿ ಮ್ಯಾಲ ಗುಂಯ್ ಅಂತ ಒಂದ ಸಪ್ಪಳ ಬಂದು ಕುಂತತಿ.

"ಒಂದ ಸಮ ಐತೋ, ಬಿಟ್ಟ ಬಿಟ್ಟ ಐತೋ?"

ಬಿಟ್ಟ ಬಿಟ್ಟ. ಈಗ ನಿಂತೈತಿ. ಹಾಂ, ಮತ್ತ ಬಂತು.

ಅವಳ ತುಟಿ 'ಮತ್ತ' ಎಂದ ಕ್ಷಣಕ್ಕೆ ತಲೆಯ ಮೇಲಿನ ಬಲ್ಬು ಮಂಕಾದದ್ದನ್ನು ತವನಪ್ಪ ಕಂಡ. ನೇರವಾಗಿ ಹಿತ್ತಲಿಗೆ ಹೋದ. ಅಲ್ಲಿ ಸಂಭಾಜಿ ಹೊಸ ಮಗ್ಗದ ಮೋಟರನ್ನು ಚಾಲೂ ಮಾಡಿ ನಿಲ್ಲಿಸಿ ಪರೀಕ್ಷಿಸುತ್ತಿದ್ದ. ಗೋಡೆಯುದ್ದಕ್ಕೂ ಫೋನಿನ ವೈರನ್ನೂ ಮೋಟರಿನ ವೈರನ್ನೂ ಸೇರಿಸಿ, ವೇಸ್ಟ್ ನೂಲಿನಿಂದ ಗೇಣಿಗೊಂದು ಗಂಟು ಹಾಕಿ ಕಟ್ಟಲಾಗಿತ್ತು.

"ನಿನ್ನಿ ನಾನ ಕಟ್ಟೀನಿ," ಎಂದ ಸಂಭಾಜಿ. "ಜೋತಾಡಾಕತ್ತಿತ್ತು. ಚಂದ ಕಾಣ್ತೈತಿಲ್ಲೋ?"

"ಚಂದ ಐತಿ ಮಾರಾಯಾ, ಜಡಿ ಹೆಣದಂಗ ಕಟ್ಟೀದಿ. ಆದ್ರ ಮೋಟರ್ ಎದ್ದಾಗೊಮ್ಮೆ ಫೋನಿಂದು ಕುತಗಿ ಹಿಚಕ್ತೈತಿ!"

ಗಂಟುಗಳನ್ನು ಕತ್ತರಿಸಿ ಫೋನಿನ ವೈರನ್ನು ಎದುರಿನ ಗೋಡೆಗೆ ಸರಿಸಿದ. ಒಳಗೆ ಬಂದು ಮತ್ತೆ ಹಚ್ಚಿಸಿದಾಗ ಅಕ್ಕುತಾಯಿಯ ತುಟಿ ಸಿಳ್ಳೆ ಹೇಳಿತು, ಉಸ್ಸನ್ನೂ ಹೇಳಿತು. ಆಮೇಲೆ ಅವಳು ಬಾಯಿ ಮುಚ್ಚಿ ಸುಮ್ಮನೆ ನಕ್ಕಳು. ಮೋಡೆಮ್ ಕೂಡಿಕೊಂಡಿತ್ತು. ಹುಡುಗಿಯರು ಬಾಗಿಲಲ್ಲಿ ಒಬ್ಬರನ್ನೊಬ್ಬರು ನೂಕುತ್ತ ಒಳಗೆ ನುಗ್ಗಿದರು.

ಹೊರಡುವಾಗ ದೀಪಾಲಿ ಅವನ ಎದುರು ಬಂದು ನಿಧಾನವಾಗಿ ಹೇಳಿದಳು: "ಇನ್ನ ಮ್ಯಾಲೆ ಇಬ್ಬರೂ ಕೂಡಿ ಬರ್ರಿ ಕಾಕಾ. ಕಾಕು ಕೇಳ್ಲಿ, ನೀವು ರಿಪೇರಿ ಮಾಡ್ರಿ. ನಾ ಯಾರಿಗೂ ಹೇಳಂಗಿಲ್ಲ."

"ಹೇಳಿದ್ರೂ ಹೇಳವಾ," ಎಂದ ತವನಪ್ಪ. "ಅಕ್ಕುತಾಯಿ ಕಿವಿ ಚಲೋ ಅದಾವ ಅಂತ ಹೇಳು."

ಅಲ್ಲಿಂದ ಮುಂದೆ ಬೋರಗಾಂವ, ಪಕ್ಕದೂರು ಭೋಜದ ಮನೆಗಳಿಗೆ ಗಂಡ ಹೆಂಡತಿ ಕೂಡಿಯೇ ಹೋದರು. ಆ ಡಬ್ಬಿಗಳು ಮೂಲೆ ಸೇರುವವರೆಗೂ ಅವರ ಕೆಲಸ ನಿಲ್ಲಲಿಲ್ಲ.

ಆ ಮೊದಲ ದಿನ ಮನೆಗೆ ಮರಳುವ ದಾರಿಯಲ್ಲಿ ಅವನು ಕೇಳಿದ: "ಯಾವಾಗಿಂದ ಗೊತ್ತಿತ್ತು ನಿನಗ?"

"ಹೋದ ಭಾದ್ರಪದದಾಗ, ಪರ್ಯೂಷಣ ಹಬ್ಬದಾಗ. ಬಸದಿ ಪಾವಟಿಗಿ ಮ್ಯಾಲ ಹಿಂದಿಂದ ಮೂರ ಸರ್ತಿ ಕರದ್ನಿ. ನೀವು ತಿರಗಲಿಲ್ಲ."

"ಮತ್ತ ಹೇಳಬಾರ್ದೇನ?"

"ಹೇಳಿ ಏನ್ ಮಾಡೋದ್ರಿ? ಅವತ್ತಿಂದ ಮುಂದ ಬಂದು ಕರ್ಯಾಕತ್ತೀನಿ."

ಎಂಟು ತಿಂಗಳು ಅವಳು ಹಿಟ್ಟಿನ ಕೈಯಲ್ಲೇ ಒಲೆ ಬಿಟ್ಟು ಎದ್ದು, ಎದುರಿಗೆ ಬಂದು ನಿಂತು 'ಊಟಕ್ಕೇಳ್ರಿ' ಎನ್ನುತ್ತಿದ್ದಳು. ವಯಸ್ಸಾದ ಮೇಲೆ ಅಕ್ಕರೆ ಹೆಚ್ಚಾಗಿದೆ ಎಂದುಕೊಂಡಿದ್ದ ತವನಪ್ಪ. ಅವನು ಅವಳ ಮುಖ ಕಾಣುವಂತೆ ಪಕ್ಕಕ್ಕೆ ಸರಿದು ನಡೆದ.