ಕೋರ್ಟಿನಲ್ಲಿ ದೇಯಿ ಹಾಡಿದ ಪಾಡ್ದನ

ನೋಣಯ್ಯನ ಮೈಮೇಲೆ ದೈವ ಬರಬೇಕಾದರೆ ಮೊದಲು ಹೆಂಡತಿ ದೇಯಿ ಬಾಯಿ ತೆರೆಯಬೇಕಿತ್ತು. ಅವನು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವಾಗ ಅವಳು ಪಕ್ಕದಲ್ಲಿ ಕೂತು, ತೆಂಬರೆ ಎಂಬ ಪುಟ್ಟ ಚರ್ಮವಾದ್ಯ ಬಡಿಯುತ್ತ ದೈವದ ಕಥೆಯ ಪಾಡ್ದನ ಹಾಡುವಳು. ದೈವ ಘಟ್ಟ ಇಳಿದು, ಹೊಳೆ ದಾಟಿ, ನಂತೂರಿನ ಗುಡ್ಡದ ಬುಡದಲ್ಲಿ ಮೊದಲು ಕಾಲೂರಿದ ಜಾಗದ ಹೆಸರು ಬಂತೋ, ನೋಣಯ್ಯನ ಬಲಗಾಲಿನ ಹೆಬ್ಬೆರಳು ನೆಲ ಕೆರೆಯಲು ಸುರು. ಆಮೇಲೆ ಇಡೀ ಮೈ ನಡುಕ. ಮೂವತ್ತು ವರ್ಷದಲ್ಲಿ ಒಂದು ಸಲವೂ ಅದು ತಪ್ಪಿದ್ದಿಲ್ಲ.

ಆ ಹೆಸರೇ ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿತು. ದೈವಸ್ಥಾನದ ಜಾಗ ಜಯಪಾಲ ಧಣಿಯದೋ, ಅಜ್ಜನ ಹೆಸರನ್ನೇ ಹೊತ್ತ ಪಕ್ಕದ ಬೇಸಾಯಗಾರ ಪೂವಪ್ಪನದೋ? ಕಾಗದಪತ್ರ ಇಬ್ಬರಲ್ಲೂ ಇಲ್ಲ. ಪಾಡ್ದನ ಯಾರ ಜಾಗ ಹೇಳುತ್ತದೋ ಅವರಿಗಾಗಲಿ ಎಂದು ಇಬ್ಬರೂ ಒಪ್ಪಿದರು. ಹಾಡುವವಳು ತನ್ನ ಒಕ್ಕಲಲ್ಲವೇ ಎಂಬ ಧೈರ್ಯ ಧಣಿಗೆ.

ವಿಚಾರಣೆಯ ಹಿಂದಿನ ದಿನ ಅವನು ದೇಯಿಯ ಅಂಗಳಕ್ಕೇ ಬಂದ. ಗುಡಿಸಲೊಳಗೆ ಮಗಳು ಹೇಮಾಕ್ಷಿ ತುಂಬು ಬಸುರಿ.

"ಪೂವಪ್ಪನ ಕೆರೆಕಟ್ಟೆ ಅಂತ ಹಾಡಬೇಡ. ನನ್ನ ಚಾವಡಿ ಅಂತ ಹಾಡು. ಇಲ್ಲದಿದ್ದರೆ ಈ ಗುಡಿಸಲು ನಿಮಗಿಲ್ಲ, ಗೊತ್ತುಂಟಲ್ಲ?"

ಅವನು ಹೋದ ಮೇಲೆ ದೇಯಿ ಗಂಡನನ್ನು ಕೇಳಿದಳು. "ಎಂತ ಮಾಡುವುದು ಈಗ?"

"ಹಾಡುವವಳು ನೀನು. ದೈವ ಬರುವುದು, ಬಾರದಿರುವುದು ನನ್ನ ಕೈಯಲ್ಲಿಲ್ಲ."

ಇಂಥ ಹೊತ್ತಿಗೇ ಗಂಡಸರಿಗೆ ಎಲ್ಲಿಲ್ಲದ ವಿನಯ ಬರುವುದು!

ಕೋರ್ಟಿನಲ್ಲಿ ಜನ ಕಿಕ್ಕಿರಿದಿದ್ದರು. ನೋಣಯ್ಯ ಬಾಗಿಲ ಬಳಿ ನಿಂತಿದ್ದ. ದೇಯಿ ತೆಂಬರೆ ಹಿಡಿದು ಹಾಡಿದಳು. ದೈವ ಘಟ್ಟ ಇಳಿಯಿತು, ಹೊಳೆ ದಾಟಿತು. ಮಗಳ ಹೊಟ್ಟೆ ಕಣ್ಣ ಮುಂದೆ ಬಂತು. ಕಣ್ಣು ಮುಚ್ಚಿ, "ಧಣಿಯ ಚಾವಡಿ" ಎಂದುಬಿಟ್ಟಳು.

ಕಣ್ಣು ಬಿಟ್ಟು ನೋಡಿದರೆ ಗಂಡನ ಹೆಬ್ಬೆರಳು ಅಲ್ಲಾಡಿರಲಿಲ್ಲ. ಜನರೆಲ್ಲ ಆ ಕಾಲನ್ನೇ ನೋಡುತ್ತಿದ್ದರು. ಧಣಿಯೂ ನೋಡುತ್ತಿದ್ದ.

"ಮುಂದೆ?" ಎಂದರು ಜಡ್ಜರು.

ಮುಂದಿನ ಸಾಲಿನಲ್ಲಿ ದೈವ ಕೆರೆಗಿಳಿದು ಕಾಲು ತೊಳೆಯಬೇಕು. ಕೆರೆಯೇ ಇಲ್ಲದ ಮೇಲೆ ಇಳಿಯುವುದೆಲ್ಲಿ?

"ತಪ್ಪಾಯಿತು ಸ್ವಾಮೀ. ಪುನಃ ಹಾಡ್ತೇನೆ."

ಈ ಸಲ "ಪೂವಪ್ಪನ ಕೆರೆಕಟ್ಟೆ" ಎಂದಳು. ಬಣ್ಣವಿಲ್ಲ, ಕಾಲಿಗೆ ಗಗ್ಗರವಿಲ್ಲ, ಆದರೂ ನೋಣಯ್ಯ ಬಾಗಿಲಿನಲ್ಲೇ ಗಡಗಡ ನಡುಗಿದ. ಧಣಿಯ ಕೈಗಳು ತಾವಾಗಿ ಜೋಡಿಕೊಂಡವು. ಜಾಗ ಪೂವಪ್ಪನದೆಂದು ತೀರ್ಪಾಯಿತು.

ಧಣಿ ಮುಗಿದ ಕೈ ಕೋರ್ಟಿಗಷ್ಟೇ ಸರಿ. ಮರುದಿನ ಅವನ ಆಳುಗಳು ಬಂದು ಗುಡಿಸಲಿನ ಮಾಡು ಕಿತ್ತರು. ಹೇಮಾಕ್ಷಿ ಹೆತ್ತದ್ದು ಪೂವಪ್ಪನ ಕೊಟ್ಟಿಗೆಯಲ್ಲಿ.

ಆ ವರ್ಷ ದೈವದ ನೇಮೋತ್ಸವಕ್ಕೆ ಧಣಿಯೂ ಬಂದ. ನೋಣಯ್ಯನ ಮೈಮೇಲಿದ್ದ ದೈವದ ಮುಂದೆ ತಲೆಬಾಗಿ, ತನ್ನ ಮನೆ ಕಾಯಬೇಕೆಂದು ಬೇಡಿದ. ದೈವ ಅಭಯ ಕೊಟ್ಟಿತು.

ದೇಯಿ ತೆಂಬರೆ ಬಡಿಯುತ್ತಲೇ ಇದ್ದಳು. ದೈವ ಕ್ಷಮಿಸಿದ್ದನ್ನು ಅವಳು ಕ್ಷಮಿಸಿರಲಿಲ್ಲ.