ಪತ್ರದ ಹಿಂದೆ ನಡೆದು ಬರುವ ಅಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಳಗೆ ಆಗಲೇ ಹಬೆ ಎದ್ದು ಎದುರಿಗಿದ್ದವರ ಮುಖ ಮಸುಕಾಗಿದೆ. ಉದ್ದನೆಯ ಮೇಜಿನ ಮುಂದೆ ಹಾಸಿಗೆಯ ಬಟ್ಟೆ ಮಡಚುತ್ತಿರುವ ಹೆಂಗಸು ಕೈ ನಿಲ್ಲಿಸುವಂತಿಲ್ಲ. ಅವರನ್ನು ಹುಡುಕಿಕೊಂಡು ಬಂದವರಿಗೆ ಅದು ಗೊತ್ತು. ಕೈಚೀಲವನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಬಟ್ಟೆಯ ಆಚೆ ತುದಿಯ ಎರಡು ಮೂಲೆ ಹಿಡಿದು ನಿಲ್ಲುತ್ತಾರೆ. ಇಬ್ಬರೂ ಮಡಚುತ್ತಾ ಹತ್ತಿರ ಬರುತ್ತಾರೆ, ಮತ್ತೆ ದೂರ ಸರಿಯುತ್ತಾರೆ. ಮಾತೆಲ್ಲ ಆ ನಡುವೆಯೇ ಆಗಬೇಕು.

“ನನ್ನ ಮಗಳು ಏನು ತಪ್ಪು ಮಾಡಿದ್ಲಕ್ಕಾ?” ತಾಯಿಯ ಮೊದಲ ಪ್ರಶ್ನೆ.

“ತಪ್ಪೇನಿಲ್ಲ ತಾಯಿ. ಎಲ್ಲಾ ಸರಿ ಮಾಡಿದಾಳೆ. ಅದಕ್ಕೇ ಬಂದೆ.”

ಬಂದವರು ಪ್ರಾಥಮಿಕ ಶಾಲೆಯೊಂದರ ಅಟೆಂಡರ್. ವಯಸ್ಸು ಐವತ್ತೆರಡು, ಓದಿದ್ದು ಐದನೇ ಕ್ಲಾಸು. ಮಕ್ಕಳ ಬಾಯಲ್ಲಿ ಅವರು ‘ಕಾಗದದಕ್ಕ’. ಅವರ ಶಾಲೆಯಲ್ಲಿ ಅಸಾಧಾರಣ ಬುದ್ಧಿಯ ಮಕ್ಕಳಿಗೆಂದು ಮೂರನೇ ತರಗತಿಯಿಂದ ವಾರಕ್ಕೆ ಮೂರು ಮಧ್ಯಾಹ್ನ ಬೇರೆಯೇ ಪಾಠ ನಡೆಯುತ್ತದೆ. ಆಯ್ಕೆಯಾದ ಮಗುವಿನ ಮನೆಗೆ ಪತ್ರ ಹೋಗುತ್ತದೆ. ಹೆತ್ತವರು ಸಹಿ ಹಾಕಿ ಸಭೆಗೆ ಬರಬೇಕು. ಗಡುವು ಮೀರಿದರೆ ಆ ಜಾಗ ಬೇರೆಯವರಿಗೆ. ಈ ವರ್ಷ ಹೊರಟ ಪತ್ರ ಹದಿನೆಂಟು. ತಾವಾಗಿ ಉತ್ತರಿಸಿದ ಮನೆ ಏಳು. ಉಳಿದ ಹನ್ನೊಂದು ಮನೆಗಳ ಪಾಲಿಗೆ ಅಕ್ಕನ ಕಾಲೇ ಗತಿ. ಬಸ್ ಡಿಪೋ, ಬೇಕರಿಯ ಒಲೆಮನೆ, ತರಕಾರಿ ಇಳಿಸುವ ಕಟ್ಟೆ: ಹೆತ್ತವರು ಕೈಗೆ ಸಿಗುವ ಹೊತ್ತಿಗೆ, ಸಿಗುವ ಜಾಗಕ್ಕೇ ಅವರು ಹೋಗುತ್ತಾರೆ. ಎಂಟೂವರೆಗೆ ಶಾಲೆಯ ಬೀಗ ತೆಗೆಯುವುದರೊಳಗೆ ಎರಡು ಮನೆ ಮುಗಿಯಬೇಕು. ಹನ್ನೊಂದು ವರ್ಷದಿಂದ ಇದೇ ಪರಿಪಾಠ. ಸಂಬಳದಲ್ಲಿ ಈ ಕೆಲಸ ಸೇರಿಲ್ಲ, ಯಾರೂ ಹೇಳಿಯೂ ಇಲ್ಲ.

“ಬೇರೆ ಕ್ಲಾಸು ಅಂದ ತಕ್ಷಣ ನಮ್ಮಂಥೋರಿಗೆ ಎದೆ ಧಸಕ್ ಅನ್ನತ್ತೆ,” ಎನ್ನುತ್ತಾರೆ ಅಕ್ಕ. “ದಡ್ಡರನ್ನ ಬೇರೆ ಕೂರಿಸ್ತಾರೆ ಅಂತಲೇ ನಾವು ಕೇಳಿರೋದು. ನಾನೂ ಹಾಗೇ ಅಂದ್ಕೊಂಡಿದ್ದೆ.”

ಅವರ ಮಗಳಿಗೂ ಒಮ್ಮೆ ಅಂಥ ಪತ್ರ ಬಂದಿತ್ತು. ಆಗಿನ್ನೂ ಅಕ್ಕ ಶಾಲೆಯ ಕೆಲಸಕ್ಕೆ ಸೇರಿರಲಿಲ್ಲ. ಉದ್ದುದ್ದ ಮಾತುಗಳ ಆ ಕಾಗದ ಓದಿ, ಮಗಳ ತಲೆಯಲ್ಲಿ ಏನೋ ಊನವಿದೆಯೆಂದು ಹೆದರಿ, ಗಂಡನಿಗೂ ತೋರಿಸದೆ ಹರಿದು ಹಾಕಿದರು. ಕೆಲಸಕ್ಕೆ ಸೇರಿದ ಮೇಲೆ ಕಚೇರಿಯ ಬೀರು ಒರೆಸುವಾಗ ಹಳೆಯ ಪಟ್ಟಿ ಕೈಗೆ ಸಿಕ್ಕಿತು. ಮೇಲಿಂದ ಎರಡನೆಯದೇ ಮಗಳ ಹೆಸರು, ಅದರ ಮೇಲೆ ಕೆಂಪು ಗೆರೆ. ಗುಮಾಸ್ತರನ್ನು ಕೇಳಿದಾಗ, ಅದು ಬುದ್ಧಿವಂತರ ಕ್ಲಾಸಿಗೆ ಆಯ್ಕೆಯಾದವರ ಪಟ್ಟಿ, ಕೆಂಪು ಗೆರೆ ಎಂದರೆ ಉತ್ತರ ಬಾರದ ಮನೆ ಎಂದು ತಿಳಿಯಿತು. ಅಕ್ಕ ಒರೆಸುವ ಬಟ್ಟೆ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟರಂತೆ.

ಮಗಳು ಈಗ ಲಿಫ್ಟ್ ರಿಪೇರಿ ಮಾಡುತ್ತಾಳೆ. ಕೈಗುಣ ಒಳ್ಳೆಯದೆಂದು ಹೆಸರೂ ಇದೆ. “ನಡೆದದ್ದೆಲ್ಲ ಹೇಳಿದೆ. ಅವಳು ಕೋಪಾನೂ ಮಾಡ್ಕೊಳ್ಳಲಿಲ್ಲ. ಅದೇ ಕಷ್ಟ,” ಎನ್ನುತ್ತಾರೆ ಅಕ್ಕ. ಪಟ್ಟಿ ಸಿಕ್ಕ ಮರುದಿನವೇ ಮುಖ್ಯೋಪಾಧ್ಯಾಯಿನಿಯ ಮುಂದೆ ನಿಂತು, ಇನ್ನು ಮುಂದೆ ಪತ್ರಗಳನ್ನು ತಮ್ಮ ಕೈಗೇ ಕೊಡಬೇಕೆಂದು ಕೇಳಿದ್ದರು.

ಮೊದಲ ದಿನ ಒಪ್ಪಿಗೆ ಸಿಗಲಿಲ್ಲ; ಲಾಂಡ್ರಿಗೆ ಇಂದಿನದು ಅವರ ಮೂರನೇ ಭೇಟಿ. ನಾಳೆಗೆ ಗಡುವು ಮುಗಿಯುತ್ತದೆ. ತಾಯಿ ಇನ್ನೂ ಜಗ್ಗುತ್ತಿಲ್ಲ.

“ಅವಳು ಕ್ಲಾಸಲ್ಲಿ ಬಾಯೇ ಬಿಡಲ್ಲ ಅಂತ ಟೀಚರೇ ಹೇಳ್ತಾರೆ. ಅವಳೆಲ್ಲಿ, ಬುದ್ಧಿವಂತರ ಕ್ಲಾಸೆಲ್ಲಿ?”

“ಮನೇಲಿ ಮಾತಾಡ್ತಾಳಾ?”

“ಮನೇಲಿ ತಲೆ ತಿಂತಾಳೆ. ಮೊನ್ನೆ ಏನಂತಾಳೆ ಗೊತ್ತಾ? ಈ ಬಟ್ಟೆನ ಒಂದರ ಮೇಲೊಂದು ಮಡಚ್ತಾ ಹೋದ್ರೆ, ಎಷ್ಟನೇ ಸಲಕ್ಕೆ ನಮ್ಮ ಸೂರು ಮುಟ್ಟತ್ತೆ ಅಂತ. ಸುಮ್ನೆ ಬಿದ್ಕೋ ಅಂತ ಗದರಿದೆ.”

ಅಕ್ಕನ ಕೈ ನಿಲ್ಲುತ್ತದೆ. ಬಟ್ಟೆ ಇಬ್ಬರ ನಡುವೆ ಜೋತುಬೀಳುತ್ತದೆ.

“ಆ ಕ್ಲಾಸಿರೋದೇ ಇಂಥ ಪ್ರಶ್ನೆ ಕೇಳೋರಿಗೆ ಕಣಮ್ಮಾ. ಅಲ್ಲಿ ಯಾರೂ ಗದರಲ್ಲ.”

ತಾಯಿಯ ಕೈಯೂ ನಿಲ್ಲುತ್ತದೆ. ಯಂತ್ರದಿಂದ ಬಂದ ಬಟ್ಟೆ ಮೇಜಿನ ಮೇಲೆ ರಾಶಿ ಬೀಳುತ್ತದೆ. “ನಾನು ಬೈದುಬಿಟ್ನಲ್ಲಕ್ಕಾ.”

“ಬೈದ ಬಾಯಲ್ಲೇ ಹೂಂ ಅಂದ್ಬಿಡು, ಸಾಕು.”

ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ತಾಯಿ ಸಹಿ ಹಾಕುತ್ತಾರೆ. ನಿಧಾನವಾಗಿ, ಒಂದೊಂದೇ ಅಕ್ಷರ.

ಶನಿವಾರದ ಸಭೆಯಲ್ಲಿ ಹದಿನೇಳು ಮನೆಯವರು ಕೂತಿದ್ದಾರೆ. ಬಾರದ ಒಂದು ಮನೆಯ ಹೆಸರನ್ನು ಅಕ್ಕ ಯಾರಿಗೂ ಹೇಳುವುದಿಲ್ಲ. ಟೀಚರು ‘ಪ್ರತಿಭಾ ಸಂವರ್ಧನೆ’ ಎಂದಾಗ ಹಿಂದಿನ ಸಾಲಿನವರು ಬಾಗಿಲ ಬಳಿಯಿದ್ದ ಅಕ್ಕನತ್ತ ತಿರುಗುತ್ತಾರೆ. ಟೀಚರೂ ನಕ್ಕು ನಿಲ್ಲಿಸುತ್ತಾರೆ. “ಹಸಿದಿರೋ ಮಗುಗೆ ಇನ್ನೊಂದು ತುತ್ತು ಹಾಕ್ತಾರಂತೆ, ಅಷ್ಟೇ,” ಎನ್ನುತ್ತಾರೆ ಅಕ್ಕ. “ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತಾರೆ. ಬಗ್ಗಿ ನೋಡೋರು ಬೇಕಲ್ವಾ?”

ಮುಂದಿನ ವಾರ ಟೀಚರು, ಅಕ್ಕ ತಿಳಿಸಿದ್ದ ಲಾಂಡ್ರಿ ತಾಯಿಯ ಮಗಳ ಪ್ರಶ್ನೆಯನ್ನೇ ಬೋರ್ಡಿನ ಮೇಲೆ ಬರೆಯುತ್ತಾರೆ. ಮಕ್ಕಳು ಬಟ್ಟೆಯ ದಪ್ಪ ಅಳೆದು, ಇಮ್ಮಡಿಸುತ್ತಾ ಹೋಗುತ್ತಾರೆ. ಕ್ಲಾಸಲ್ಲಿ ಬಾಯಿ ಬಿಡದ ಹುಡುಗಿ ಎದ್ದು ನಿಂತು ಉತ್ತರ ಹೇಳುತ್ತಾಳೆ: ಮಡಚಲು ಬಂದದ್ದೇ ಆದರೆ, ಹದಿಮೂರೇ ಸಲ. ಕಾರಿಡಾರಿನಲ್ಲಿ ಪೊರಕೆ ಹಿಡಿದು ನಿಂತ ಅಕ್ಕ ಬಾಗಿಲಿಗೆ ಇನ್ನೂ ಹತ್ತಿರ ಸರಿಯುತ್ತಾರೆ. ನೂರಾರು ಸಲ ಬೇಕಾದೀತೆಂದು ಅವರು ಅಂದುಕೊಂಡಿದ್ದರು.

ನಿಮಗೇನು ಆಸೆ ಎಂದು ಕೇಳಿದರೆ ಅಕ್ಕ ನಾಚುತ್ತಾರೆ. “ಒಂದು ಮಧ್ಯಾಹ್ನ ಆ ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿ ಕೂತು ಪೂರ್ತಿ ಕೇಳಬೇಕು. ಟೀಚರು ಯಾವತ್ತು ಬೇಕಾದ್ರೂ ಬನ್ನಿ ಅಂದಿದಾರೆ. ಆದ್ರೆ ಬೆಲ್ ಹೊಡೆಯೋಕೆ ಇನ್ನೊಬ್ರು ಸಿಗಬೇಕಲ್ಲ.”