ಹ್ಯಾಂಡ್‌ಬ್ರೇಕಿನ ತಂತಿ, ಹಿಂದಿನ ಸೀಟಿನ ಪರದೆ

ಅದು ೨೦೨೩ನೆಯ ಇಸವಿ. ನನಗಾಗ ಐವತ್ತನಾಲ್ಕು ವರ್ಷ. ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಕನ್ನಡ ಕಲಿಸಿ, ಅದರ ಹಿಂದಿನ ವರ್ಷವಷ್ಟೇ ಸ್ವಯಂನಿವೃತ್ತಿ ಪಡೆದು, ಕಗ್ಗದಾಸಪುರದ ಮನೆಯಲ್ಲಿದ್ದೆ. ಆ ಜೂನ್ ತಿಂಗಳಲ್ಲಿ ಎಪ್ಪತ್ತೆಂಟು ವರ್ಷದ ನನ್ನ ತಾಯಿಗೆ ಲಕ್ವ ಹೊಡೆಯಿತು. ಮಾತು ಹತ್ತು ದಿನಗಳಲ್ಲಿ ಮರಳಿತು, ನಡಿಗೆ ಒಂದು ತಿಂಗಳಲ್ಲಿ ಮರಳಿತು. ಬಲಗೈ ಮಾತ್ರ ಮರಳಲಿಲ್ಲ.

"ಮೊದಲ ಆರು ತಿಂಗಳಲ್ಲಿ ಎಷ್ಟು ಬರುತ್ತೋ ಅಷ್ಟೇ ಸಾರ್. ಆಮೇಲೆ ಕಷ್ಟ. ಒಂದು ದಿನಾನೂ ತಪ್ಪಿಸ್ಬೇಡಿ" ಎಂದು ಶಿವಾಜಿನಗರದ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡಿಸುವ ಡಾಕ್ಟರಮ್ಮ ಹೇಳಿದರು. ಸೋಮವಾರ, ಬುಧವಾರ ಮತ್ತು ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಸರಿಯಾಗಿ ನಾವು ಅಲ್ಲಿರಬೇಕಾಗಿತ್ತು. ತಪ್ಪಿಸಬಾರದು ಎಂಬ ಮಾತನ್ನು ನನಗೆ ಯಾರೂ ಎರಡು ಸಲ ಹೇಳಬೇಕಾಗಿರಲಿಲ್ಲ. ಆದರೆ ಅಮ್ಮನಿಗೆ ಕಾರಿನಲ್ಲಿ ಕುಳಿತರೆ ಭಯ. ಲಕ್ವ ಹೊಡೆಯುವ ಮುನ್ನ ಆ ಭಯ ಇರಲಿಲ್ಲ, ಅನಂತರ ಬಂದದ್ದು. ಹಲಸೂರಿನ ದಟ್ಟಣೆಯಲ್ಲಿ ಎರಡೂ ಕಡೆ ಬಸ್ಸುಗಳು ಒತ್ತರಿಸಿಕೊಂಡು ನಿಂತರೆ ಸಾಕು, ಎಡಗೈಯಿಂದ ಬೆಲ್ಟ್ ಬಿಚ್ಚಿ, ಬಾಗಿಲು ತೆಗೆದು ಇಳಿಯಲು ಹೊರಡುತ್ತಿದ್ದರು. ಹೆಂಡತಿ ವಿಮಾ ಕಚೇರಿಯ ನೌಕರಿಯಲ್ಲಿದ್ದುದರಿಂದ ಕಾರಿನಲ್ಲಿ ನಾವಿಬ್ಬರೇ. ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದು ಕೈಯಲ್ಲಿ ತಾಯಿಯ ಸೆರಗು ಹಿಡಿದು ನಾನು ವಾಹನ ನಡೆಸಿದ್ದೇನೆ. ಜುಲೈ ತಿಂಗಳಲ್ಲಿ ಮೂರು ಸಲ ಅರ್ಧದಾರಿಯಿಂದ ಹಿಂತಿರುಗಬೇಕಾಯಿತು.

ಒಂದು ದಿನ ಮನೆಯ ಮುಂದೆ ಕಾರು ನಿಂತಿದ್ದಾಗ, ಅದರ ಜೊತೆಗೇ ಬಂದಿದ್ದ ಡ್ಯಾಶ್‌ಬೋರ್ಡಿನ ಪರದೆಯಲ್ಲಿ ನಮ್ಮ ಮದುವೆಯ ವಿಡಿಯೋ ಹಾಕಿದೆ. ೧೯೯೭ರಲ್ಲಿ ಕ್ಯಾಸೆಟ್ಟಿನಲ್ಲಿ ತೆಗೆಸಿ, ಆಮೇಲೆ ಯಾವಾಗಲೋ ಪೆನ್‌ಡ್ರೈವಿಗೆ ಇಳಿಸಿಕೊಂಡದ್ದು ಅದು. ಮೂರು ಗಂಟೆಯ ಉದ್ದಕ್ಕೂ ಜನ ಊಟಕ್ಕೆ ಕುಳಿತು ಏಳುತ್ತಾರೆ. ಅಮ್ಮ ಕದಲದೆ ಕುಳಿತರು. "ಇವಳು ನೋಡು, ನನ್ನ ಹಸಿರು ಸೀರೆ ಉಟ್ಕೊಂಡು ಬಂದಿದ್ದಾಳೆ. ವಾಪಸ್ ಕೊಡ್ಲೇ ಇಲ್ಲ" ಎಂದು ಯಾರದೋ ಮೇಲೆ ಇಪ್ಪತ್ತಾರು ವರ್ಷದ ಹಿಂದಿನ ದೂರು ಹೇಳಿದರು. ಒಂದೂಕಾಲು ಗಂಟೆ ಇಳಿಯುವ ಮಾತೇ ಎತ್ತಲಿಲ್ಲ. ದಾರಿ ಸಿಕ್ಕಿತೆಂದುಕೊಂಡೆ.

ಬುಧವಾರ ವಿಡಿಯೋ ಹಾಕಿಕೊಂಡೇ ಹೊರಟೆವು. ಹ್ಯಾಂಡ್‌ಬ್ರೇಕ್ ಇಳಿಸಿದ ಕ್ಷಣದಲ್ಲಿ ಚಿತ್ರ ಮಾಯವಾಗಿ, ಸುರಕ್ಷತೆಯ ದೃಷ್ಟಿಯಿಂದ ಚಲಿಸುವಾಗ ವಿಡಿಯೋ ತೋರಿಸಲಾಗದು ಎಂಬ ಅರ್ಥದ ಒಂದು ವಾಕ್ಯ ಬಂತು. ಸಿಗ್ನಲ್ಲಿನಲ್ಲಿ ನಿಂತು ಹ್ಯಾಂಡ್‌ಬ್ರೇಕ್ ಎಳೆದರೆ ಮದುವೆ. ನಾಲ್ಕು ಅಡಿ ಮುಂದೆ ಹೋದರೆ ಎಚ್ಚರಿಕೆ.

"ಯಾರೋ ಅದು ಆರಿಸ್ತಾ ಇರೋದು?"

"ಯಾರೂ ಇಲ್ಲಮ್ಮ, ಕಾರೇ ಆರಿಸುತ್ತೆ."

"ಕಾರಿಗೇನೋ ಬಂದಿರೋದು ರೋಗ? ಧಾರೆ ನಡೀತಾ ಇದೆ. ಮುಹೂರ್ತ ಮೀರಿಹೋಗುತ್ತೆ."

ಇಷ್ಟಕ್ಕೆ ಮೊಬೈಲ್ ಫೋನ್ ಸಾಲದೇ ಎಂದು ಯಾರಾದರೂ ಕೇಳಬಹುದು. ಫೋನನ್ನೂ ಕೊಟ್ಟು ನೋಡಿದ್ದೆ, ಟ್ಯಾಬ್ಲೆಟ್ಟನ್ನು ಸೀಟಿನ ಮುಂದೆ ಕಟ್ಟಿಯೂ ನೋಡಿದ್ದೆ. ಅಮ್ಮ ಚಿತ್ರದಲ್ಲಿರುವ ಪ್ರತಿಯೊಬ್ಬರನ್ನೂ ಬೆರಳಿನಿಂದ ಮುಟ್ಟಿ ತೋರಿಸುತ್ತಿದ್ದರು. ಮುಟ್ಟಿದೊಡನೆ ಮದುವೆ ಹೋಗಿ ಬೇರೇನೋ ಬರುತ್ತಿತ್ತು. ಕಾರಿನ ಪರದೆ ಮಾತ್ರ ಕೈಗೆಟುಕದಷ್ಟು ದೂರದಲ್ಲಿತ್ತು. ಆದ್ದರಿಂದ ಅದರ ಈ ನಿಯಮವನ್ನು ಮುರಿಯುವುದೆಂದು ತೀರ್ಮಾನಿಸಿದೆ. ನಿಯಮ ಮುರಿದವರನ್ನು ಬೆಂಚಿನ ಮೇಲೆ ನಿಲ್ಲಿಸಿ ಅನ್ನ ತಿಂದವನು ನಾನು. ಆದರೂ ಆ ಜುಲೈಯ ಮೂರು ದಿನಗಳ ಮುಂದೆ ಒಂದು ಯಂತ್ರದ ಬುದ್ಧಿವಾದ ನನಗೆ ದೊಡ್ಡದಾಗಿ ಕಾಣಲಿಲ್ಲ.

ನನ್ನ ಹೆಂಡತಿಯ ಅಣ್ಣ ವಿಮಾನಪುರದ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ವಿಮಾನಗಳಿಗೆ ವೈರಿಂಗ್ ಮಾಡಿ ನಿವೃತ್ತರಾದವರು. ನಾನು ಅವರನ್ನು ಭಾವ ಎನ್ನುತ್ತೇನೆ. ಅವರು ನನ್ನನ್ನು ಮೇಷ್ಟ್ರೇ ಎನ್ನುತ್ತಾರೆ. ನನ್ನ ಕತೆ ಕೇಳಿ ಅವರು ನಕ್ಕರು.

"ಇದೊಂದು ಕಷ್ಟಾನಾ ಮೇಷ್ಟ್ರೇ? ಹ್ಯಾಂಗರಲ್ಲಿ ನಿಂತಿರೋ ವಿಮಾನಾನ ನೀನು ಆಕಾಶದಲ್ಲಿದ್ದೀಯ ಅಂತ ನಂಬಿಸಿ ಟೆಸ್ಟ್ ಮಾಡ್ತಿದ್ವಿ ನಾವು. ಒಂದು ತುಂಡು ವೈರು, ಅಷ್ಟೇ. ನಿಮ್ಮ ಕಾರಿಗೆ, ನೀನು ನಿಂತಿದ್ದೀಯ ಅಂತ ಹೇಳ್ಬೇಕು. ಹೇಳೋಣ."

ಆಗಸ್ಟಿನ ಒಂದು ಭಾನುವಾರ ಬೆಳಿಗ್ಗೆ ಮನೆಯ ಮುಂದೆಯೇ ಕೆಲಸ ಹಿಡಿದೆವು. ಪರದೆಯ ಸುತ್ತಲಿನ ಚೌಕಟ್ಟಿಗೆ ಗೀರು ಬೀಳದಂತೆ ನನ್ನ ಮರದ ಅಡಿಕೋಲಿಗೆ ಬಟ್ಟೆ ಸುತ್ತಿ ಮೀಟಿದೆ. ನಾಲ್ಕು ಸ್ಕ್ರೂ ಬಿಚ್ಚಿ ಪರದೆಯ ಪೆಟ್ಟಿಗೆಯನ್ನು ಮುಂದಕ್ಕೆ ಎಳೆದಾಗ ಹಿಂಬದಿಯಲ್ಲಿ ತಂತಿಗಳ ಕಂತೆ. ಹ್ಯಾಂಡ್‌ಬ್ರೇಕ್ ಎಳೆದಾಗ ಒಂದು ಹಸಿರು ತಂತಿ ಕಾರಿನ ಲೋಹದ ಮೈಗೆ ಕೂಡಿಕೊಳ್ಳುತ್ತದೆ, ಇಳಿಸಿದಾಗ ಬಿಡುತ್ತದೆ. ವಾಹನ ನಿಂತಿದೆ ಎಂದು ಪೆಟ್ಟಿಗೆಗೆ ತಿಳಿಯುವುದು ಅದರಿಂದಲೇ. ಭಾವ ಆ ತಂತಿಯನ್ನು ಕತ್ತರಿಸಿ, ಪೆಟ್ಟಿಗೆಯ ಕಡೆಯ ತುದಿಯನ್ನು ಶಾಶ್ವತವಾಗಿ ಲೋಹಕ್ಕೆ ಕಟ್ಟಿದರು. ಮುಕ್ಕಾಲು ಗಂಟೆಯೂ ಹಿಡಿಯಲಿಲ್ಲ.

ಐದು ವಾರ ಎಲ್ಲವೂ ನಾನು ಬಯಸಿದಂತೆ ನಡೆಯಿತು. ಒಂದು ದಿನವೂ ತಪ್ಪಲಿಲ್ಲ. ಅಮ್ಮನ ಹೆಬ್ಬೆರಳು ಅಲುಗಿತು, ಆಮೇಲೆ ತೋರುಬೆರಳು. ಡಾಕ್ಟರಮ್ಮ ಸಣ್ಣ ಸ್ಪಂಜಿನ ಚೆಂಡು ಕೊಟ್ಟು ಹಿಸುಕಿಸಿದರು.

ಸೆಪ್ಟೆಂಬರಿನ ಒಂದು ಶುಕ್ರವಾರ ಜೋಗುಪಾಳ್ಯದ ಬಳಿ ಆಮೆಯಂತೆ ಸಾಗುತ್ತಿದ್ದೆವು. ಪರದೆಯಲ್ಲಿ ಎರಡನೆಯ ಪಂಕ್ತಿಯ ಊಟ. "ನಿಮ್ಮಪ್ಪ ಬಂದ್ರು ನೋಡೋ, ಮಜ್ಜಿಗೆ ತಗೊಂಡು" ಎಂದರು ಅಮ್ಮ. ನನ್ನ ತಂದೆ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ನಾನು ನೋಡಿದೆ. ಪಂಚೆಯನ್ನು ಮೇಲೆ ಕಟ್ಟಿ, ಕೈಯಲ್ಲಿ ಪಾತ್ರೆ ಹಿಡಿದು, ಯಾರಿಗೋ ಬೇಡವೆಂದರೂ ಬಡಿಸುತ್ತಿದ್ದರು. ಎರಡೇ ಕ್ಷಣ ಇದ್ದೀತು. ಕಾರು ಮುಂದಿನ ಆಟೋದ ಹಿಂಬದಿಗೆ ಹೋಗಿ ಗುದ್ದಿತು.

ಆಟೋದವನು ಇಳಿದು ಬಂದ. ತನ್ನ ಬಂಪರ್ ನೋಡಿದ, ನನ್ನನ್ನು ನೋಡಿದ, ಕಿಟಕಿಯಲ್ಲಿ ಬಗ್ಗಿ ಪರದೆ ನೋಡಿದ.

"ಯಾರ್ ಮದ್ವೆ ಸಾರ್ ಇದು?"

"ನನ್ನದೇ" ಎಂದೆ.

"ನಿಮ್ದೇನಾ? ಒಂದ್ಸಲ ಆಗಿದ್ದು ಸಾಲ್ದಾ ಸಾರ್, ರೋಡಲ್ಲಿ ಬೇರೆ ನೋಡ್ಬೇಕಾ?" ಎಂದ. ಆಮೇಲೆ ಅಮ್ಮನನ್ನು ಕಂಡು ಅವನ ದನಿ ತಗ್ಗಿತು. "ಪಾಟಿಗೆ, ಅಜ್ಜಿಗೆ, ಏನೋ ಆಗಿದೆ ನೋಡಿ ಸಾರ್. ಆಟೋ ಬಿಡಿ, ಅವರನ್ನ ನೋಡಿ ಫಸ್ಟು."

ಬೆಲ್ಟ್ ಅವರ ಮೈಯನ್ನು ಹಿಡಿದಿತ್ತು; ಸ್ವಾಧೀನವಿಲ್ಲದ ಬಲಗೈಯನ್ನು ಹಿಡಿದಿರಲಿಲ್ಲ. ಅದು ಮಡಿಲಿನಿಂದ ಚಿಮ್ಮಿ ಡ್ಯಾಶ್‌ಬೋರ್ಡಿಗೆ ಬಡಿದು, ಆಸ್ಪತ್ರೆ ಮುಟ್ಟುವ ವೇಳೆಗೆ ಮಣಿಕಟ್ಟು ಊದಿಕೊಂಡಿತ್ತು. ಮೂಳೆ ಮುರಿದಿರಲಿಲ್ಲ. "ಎರಡು ವಾರ ಈ ಕೈನ ಯಾರೂ ಮುಟ್ಟೋ ಹಾಗಿಲ್ಲ" ಎಂದರು ಡಾಕ್ಟರಮ್ಮ. ಮೂರು ದಿನ ತಪ್ಪಿದ್ದನ್ನು ಸಹಿಸಲಾರದೆ ನಾನು ಮಾಡಿದ ಕೆಲಸ ಆರು ದಿನಗಳನ್ನು ತಪ್ಪಿಸಿತ್ತು. ಅದೂ ಅದೇ ಕೈಗೆ ಪೆಟ್ಟು ಕೊಟ್ಟು.

ಆ ಸಂಜೆ ಭಾವ ಬಂದು, ತಾವೇ ಕಟ್ಟಿದ್ದ ತಂತಿಯನ್ನು ಬಿಚ್ಚಿ, ಕತ್ತರಿಸಿದ್ದನ್ನು ಮತ್ತೆ ಬೆಸೆದರು.

"ತಪ್ಪು ನಂದು ಮೇಷ್ಟ್ರೇ" ಎಂದರು. "ಫ್ಯಾಕ್ಟ್ರಿಲಿ ಈ ಥರ ಒಂದು ವೈರ್ ಹಾಕಿದ್ರೆ, ಅದಕ್ಕೆ ಮೊಳದುದ್ದ ಕೆಂಪು ಪಟ್ಟಿ ಕಟ್ಟಿ ಹೊರಗೆ ನೇತುಹಾಕ್ತಿದ್ವಿ. ಟೆಸ್ಟ್ ಮುಗೀತು, ಪಟ್ಟಿ ಎಳೀಬೇಕು, ವೈರ್ ಕೈಗೆ ಬರ್ಬೇಕು. ಅದು ಇರೋ ವಿಮಾನ ಹ್ಯಾಂಗರ್ ಬಾಗಿಲು ದಾಟೋ ಹಾಗೇ ಇಲ್ಲ. ಮೂವತ್ತಾರು ವರ್ಷ ಮಾಡಿದ್ದು. ನಿಮ್ಮ ಕಾರಿಗೆ ಕಟ್ಲೇ ಇಲ್ಲ ನೋಡಿ. ಕಾರು ತಾನೇ, ಅಂದ್ಕೊಂಡೆ."

"ಪಾಠ ಆಯ್ತಲ್ಲ, ಇನ್ನು ಬಿಟ್ಬಿಡಿ" ಎಂದಳು ನನ್ನ ಹೆಂಡತಿ. "ನಾನು ರಜ ಹಾಕಿ ಜೊತೇಲಿ ಬರ್ತೀನಿ."

ಅವಳ ಬಳಿ ಉಳಿದಿದ್ದ ರಜ ಹನ್ನೊಂದು ದಿನ. ಆರು ತಿಂಗಳ ಗಡುವಿಗೆ ಇನ್ನೂ ಮೂರು ತಿಂಗಳಿತ್ತು. ನಾನು ಬಿಡಲಿಲ್ಲ. ಆದರೆ ಈ ಸಲ ತಂತಿಗೆ ಕೈಹಾಕುವ ಮೊದಲು ಕಾರಿನ ಕೈಪಿಡಿ ತೆಗೆದುಕೊಂಡು ಕುಳಿತೆ. ಪ್ರಶ್ನೆಪತ್ರಿಕೆಯನ್ನು ಮೊದಲು ಪೂರ್ತಿಯಾಗಿ ಓದಿ, ಆಮೇಲೆ ಉತ್ತರ ಬರೆಯಿರಿ ಎಂದು ಇಪ್ಪತ್ತೆಂಟು ತಂಡಗಳಿಗೆ ಹೇಳಿದವನು, ಆಗಸ್ಟಿನಲ್ಲಿ ಹ್ಯಾಂಡ್‌ಬ್ರೇಕಿನ ಒಂದು ಪುಟವನ್ನಷ್ಟೇ ಓದಿ ಪುಸ್ತಕ ಮುಚ್ಚಿದ್ದೆ. ಈಗ ಮೊದಲ ಪುಟದಿಂದ ಓದಿದೆ. ಮೂರನೆಯ ದಿನ, ಹೆಚ್ಚುವರಿ ಜೋಡಣೆಗಳ ಅಧ್ಯಾಯದ ಅಡಿಯಲ್ಲಿ, ಸಣ್ಣ ಅಕ್ಷರಗಳ ಎರಡು ಸಾಲು ಕಂಡವು: ಪೆಟ್ಟಿಗೆಯ ಹಿಂಬದಿಯ ಹಳದಿ ಸಾಕೆಟ್ಟಿಗೆ ಹಿಂದಿನ ಸೀಟಿನವರಿಗಾಗಿ ಬೇರೊಂದು ಪರದೆಯನ್ನು ಜೋಡಿಸಬಹುದು, ವಾಹನ ಚಲಿಸುವಾಗಲೂ ಅದರಲ್ಲಿ ಚಿತ್ರ ಬರುತ್ತದೆ. ಆ ಹಳದಿ ಸಾಕೆಟ್ಟನ್ನು ನಾವಿಬ್ಬರೂ ಆ ಭಾನುವಾರ ಕಣ್ಣಾರೆ ಕಂಡಿದ್ದೆವು. ಹ್ಯಾಂಡ್‌ಬ್ರೇಕಿನ ತಂತಿಯನ್ನು ಹುಡುಕಲು ಅದನ್ನು ಬದಿಗೆ ಸರಿಸಿದವನು ನಾನೇ.

ಅಮ್ಮನನ್ನು ಹಿಂದೆ ಕೂರಿಸಿದರೆ ಬಾಗಿಲಿನ ಚಿಂತೆಯೂ ಇಲ್ಲ; ಹಿಂದಿನ ಬಾಗಿಲು ಒಳಗಿನಿಂದ ತೆರೆಯದಂತೆ ಮಾಡುವ ಕೀಲಿ ಕಾರಿನಲ್ಲೇ ಇದೆ. ಚಿತ್ರ ನನ್ನ ಬೆನ್ನ ಹಿಂದೆ ಇರುತ್ತದೆ. ಬೇಕಾದದ್ದು ಒಂದೇ: ಮುಟ್ಟಿದರೆ ಬದಲಾಗದ ಪರದೆ. ಶಿವಾಜಿನಗರದ ಗುಜರಿಯಲ್ಲಿ ಕಾರಿನ ಬಿಡಿಭಾಗ ಮಾರುವ ಸಾಹೇಬರ ಅಂಗಡಿಗೆ ಹೋದೆ.

"ಟಚ್ ಇಲ್ದೇ ಇರೋದು ಬೇಕಾ?" ಎಂದರು ಅವರು. "ಎಲ್ಲಾರೂ ಟಚ್ ಕೊಡಿ ಟಚ್ ಕೊಡಿ ಅಂತಾರೆ ಸಾಬ್. ಹಳೇದು ಒಂದಿದೆ, ಟ್ಯಾಕ್ಸಿದು. ಬಟನ್ ಕೂಡ ಕೆಲ್ಸ ಮಾಡಲ್ಲ."

"ಅದನ್ನೇ ಕೊಡಿ" ಎಂದೆ. ಅವರು ಅದನ್ನು ಒರೆಸುತ್ತ ನನ್ನ ಮುಖವನ್ನೇ ನೋಡುತ್ತಿದ್ದರು.

ಅಕ್ಟೋಬರಿನ ಎರಡು ಭಾನುವಾರ ಈ ಕೆಲಸಕ್ಕೆ ಹಿಡಿದವು. ಈ ಸಲ ಭಾವ ಕಾರ್ಖಾನೆಯ ಕ್ರಮವನ್ನೇ ಪಾಲಿಸಿದರು. ಬಿಚ್ಚಿದ ಪ್ರತಿ ತಂತಿಗೆ ಪೆನ್ಸಿಲಿನಲ್ಲಿ ಬರೆದ ಚೀಟಿ. ಚಿತ್ರದ ತಂತಿ ಡ್ಯಾಶ್‌ಬೋರ್ಡಿನಿಂದ ಇಳಿದು, ಕಾಲಡಿಯ ರಬ್ಬರ್ ಹಾಸಿನ ಕೆಳಗೆ ಬಾಗಿಲ ಅಂಚಿನಲ್ಲೇ ಸಾಗಿ, ಎಡಸೀಟಿನ ಬೆನ್ನಿಗೆ ಏರಬೇಕು. ಅದರ ಉದ್ದಕ್ಕೂ ಟೇಪು ಸುತ್ತಲು ಅವರು ಒಪ್ಪಲಿಲ್ಲ. ಮೇಣ ಹಚ್ಚಿದ ದಾರದಿಂದ ನಾಲ್ಕು ನಾಲ್ಕು ಬೆರಳಿಗೊಂದು ಗಂಟು ಹಾಕಿದರು. ವಿಮಾನದಲ್ಲಿ ಕಟ್ಟುವುದು ಹಾಗೆಯೇ ಅಂತೆ. ಟೇಪು ಬಿಸಿಲಿಗೆ ಜಾರುತ್ತದೆ, ಗಂಟು ಜಾರುವುದಿಲ್ಲ. ಒಂದು ಗಂಟು ಓರೆಯಾದಾಗ ಕತ್ತರಿಸಿ ಮತ್ತೆ ಹಾಕಿದರು. ಆ ಮನುಷ್ಯನನ್ನು ನಾನು ಇಪ್ಪತ್ತಾರು ವರ್ಷದಿಂದ ಬಲ್ಲೆ. ಗೌರವ ಹುಟ್ಟಿದ್ದು ಆ ಓರೆ ಗಂಟನ್ನು ಕತ್ತರಿಸಿದಾಗ.

ಎಲ್ಲ ಮುಗಿಸಿದ ಮೇಲೆ ನಾನು ಸ್ಟಿಯರಿಂಗಿಗೆ ಕೈ ಚಾಚಿದರೆ ತಡೆದರು. "ಇರಿ. ಮಾಡಿದವರು ತಾವೇ ಪಾಸ್ ಮಾಡ್ಕೊಳ್ಳೋ ಹಾಗಿಲ್ಲ. ತಂಗಿ ಓಡಿಸ್ಲಿ, ನಾವಿಬ್ರೂ ಹೊರಗೆ."

ನನ್ನ ಹೆಂಡತಿ ಅಮ್ಮನನ್ನು ಹಿಂದೆ ಕೂರಿಸಿಕೊಂಡು, ವಿಮಾನಪುರದ ಸ್ಟಾಫ್ ಕಾಲೋನಿಯ ಖಾಲಿ ರಸ್ತೆಗಳಲ್ಲಿ ಇಪ್ಪತ್ತು ನಿಮಿಷ ಕಾರು ಓಡಿಸಿದಳು. ನಾವಿಬ್ಬರು ಮರದ ಕೆಳಗೆ ಕಾದು ನಿಂತೆವು. ಮರಳಿದಾಗ ಮುಂದಿನ ಪರದೆಯಲ್ಲಿ ಎಚ್ಚರಿಕೆಯ ವಾಕ್ಯ ಹಾಗೆಯೇ ಇತ್ತು. ಹಿಂದಿನದರಲ್ಲಿ ವಾಲಗದವರು ಕೆನ್ನೆ ಉಬ್ಬಿಸಿ ಊದುತ್ತಿದ್ದರು.

"ಹೇಗಿತ್ತಮ್ಮ?" ಎಂದೆ.

"ಚೆನ್ನಾಗೇ ಓಡಿಸ್ತಾಳೆ. ನಿನ್ನ ಹಾಗೆ ಗುದ್ದಲ್ಲ" ಎಂದರು ಅಮ್ಮ.

ಅಲ್ಲಿಂದ ಮುಂದೆ ಒಂದು ದಿನವೂ ತಪ್ಪಲಿಲ್ಲ. ಬೆನ್ನ ಹಿಂದಿನಿಂದ ಅಮ್ಮ ಕೇಳುತ್ತಿದ್ದರು, "ಇವನ್ಯಾರೋ, ಕನ್ನಡಕದವನು?" ಕಣ್ಣು ರಸ್ತೆಯ ಮೇಲಿಟ್ಟೇ ನಾನು ಉತ್ತರಿಸುತ್ತಿದ್ದೆ, ಯಾರಾದ ಮೇಲೆ ಯಾರು ಬರುತ್ತಾರೆಂಬುದು ನನಗೆ ಬಾಯಿಪಾಠವಾಗಿತ್ತು. ಮಜ್ಜಿಗೆಯ ಭಾಗ ಬಂದಾಗ ಮಾತ್ರ ಅಮ್ಮ ನನ್ನನ್ನು ಕರೆಯುತ್ತಿರಲಿಲ್ಲ. ಒಬ್ಬರೇ ನೋಡಿಕೊಳ್ಳುತ್ತಿದ್ದರು.

ನವೆಂಬರಿನ ಮೂರನೆಯ ಶುಕ್ರವಾರ ಡಾಕ್ಟರಮ್ಮ ಮೇಜಿನ ಮೇಲೆ ಒಂದು ಅಂಗಿಯ ಗುಂಡಿಯನ್ನಿಟ್ಟು, ಬಲಗೈಯಿಂದ ತೆಗೆದುಕೊಡಲು ಹೇಳಿದರು. ಅಮ್ಮ ಮೂರನೆಯ ಪ್ರಯತ್ನದಲ್ಲಿ ತೆಗೆದುಕೊಟ್ಟರು. "ಇನ್ನು ತಿಂಗಳಿಗೊಂದ್ಸಲ ಬಂದ್ರೆ ಸಾಕು" ಎಂದರು ಡಾಕ್ಟರಮ್ಮ. ಬರುವಾಗ ಹಲಸೂರಿನಲ್ಲಿ ಆ ವರ್ಷದ ಮೊದಲ ಅವರೆಕಾಯಿಯ ಗಾಡಿ ಕಂಡು ಅಮ್ಮ ನಿಲ್ಲಿಸೆಂದರು. ಮನೆಯಲ್ಲಿ ನಾವು ಮೂವರು ಸುಲಿದು, ಕಾಳನ್ನು ನೀರಿನಲ್ಲಿ ನೆನೆಹಾಕಿದೆವು.

ಮಾರನೆಯ ಬೆಳಿಗ್ಗೆ ಅಮ್ಮ ಪಾತ್ರೆಯನ್ನು ಮುಂದಿಟ್ಟುಕೊಂಡು ಬೇಳೆ ಹಿದುಕಲು ಕುಳಿತರು. ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿದರೆ ಸಿಪ್ಪೆಯಿಂದ ಬೇಳೆ ಚಿಮ್ಮಬೇಕು. ಮೊದಲ ಕಾಳು ಜಾರಿತು. ಎರಡನೆಯದು ನನ್ನ ಕನ್ನಡಕಕ್ಕೆ ಹಾರಿತು. ಹೆಂಡತಿ ನೆರವಿಗೆ ಕೈ ಚಾಚಿದಾಗ ಅಮ್ಮ ಎಡಗೈಯಿಂದ ಸರಿಸಿದರು. "ನೀನು ಆಫೀಸಿಗೆ ಹೋಗು."

"ಇವತ್ತು ರಜ ಅತ್ತೆ."

"ಹಾಗಾದ್ರೆ ಕಾಫಿ ಮಾಡು."

ಎರಡೂವರೆ ಗಂಟೆ ಹಿಡಿಯಿತು. ಒಂದು ಬಟ್ಟಲು ಬೇಳೆ, ಅಷ್ಟೂ ಬಲಗೈಯಿಂದ. ಸಾಕು ಎಂದು ಡಾಕ್ಟರಮ್ಮ ಹೇಳಿದ್ದು ಹಿಂದಿನ ದಿನವೇ ಆದರೂ, ನನ್ನ ಲೆಕ್ಕದಲ್ಲಿ ಆ ವಿಷಯ ಇತ್ಯರ್ಥವಾದದ್ದು ಆ ಬಟ್ಟಲು ತುಂಬಿದ ದಿನ: ೨೦೨೩ರ ನವೆಂಬರ್ ೧೮, ಶನಿವಾರ.